ಕರಿಮದ್ದಿನ ಸಾವಿರ ಗಜ

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ರಾಟನ್ ಊರಿನ ಹತ್ತಿರ ವಿಟಿಂಗ್ಟನ್ ಸೆಂಟರ್ ಎಂಬ ವಿಶಾಲವಾದ ಗುರಿ ಮೈದಾನವಿದೆ. ಅಲ್ಲಿ ಕರಿಮದ್ದಿನ ರೈಫಲ್ ಪಂದ್ಯ ನಡೆಯುವಾಗ ಹೊಸಬರ ಕಣ್ಣಿಗೆ ವಿಚಿತ್ರವಾಗಿ ಕಾಣುವುದು ಕೋವಿಯ ಹಿಂಬದಿಗೆ ಬಾಯಿಟ್ಟು ಊದುತ್ತಿರುವ ಜನ. ಈಡು ಹಾರಿದ ಕೂಡಲೇ ಶೂಟರ್ ಖಾಲಿ ತೋಟಾವನ್ನು ಹೊರಗೆಳೆಯುತ್ತಾನೆ, ಅದರ ಜಾಗಕ್ಕೆ ಒಂದು ಕೊಳವೆ ಸಿಕ್ಕಿಸುತ್ತಾನೆ, ನಿಧಾನವಾಗಿ ಮೂರು ನಾಲ್ಕು ಸಲ ಉಸಿರು ಬಿಡುತ್ತಾನೆ. ಹವೆ ಒಣಗಿದ್ದರೆ ಇನ್ನೂ ನಾಲ್ಕು ಸಲ. ಜೋರಾಗಿ ಊದಿದರೆ ಪ್ರಯೋಜನವಿಲ್ಲ. ಕನ್ನಡಕ ಒರೆಸುವ ಮೊದಲು ಗಾಜಿಗೆ ಹಬೆ ಹಿಡಿಸುತ್ತೇವಲ್ಲ, ಆ ರೀತಿಯ ಉಸಿರೇ ಆಗಬೇಕು. ಅಲ್ಲಿ ಬೇಕಾಗಿರುವುದು ಗಾಳಿಯಲ್ಲ, ಉಸಿರಿನ ತೇವ.

ತೇವ ಯಾಕೆ ಬೇಕೆಂದು ತಿಳಿದರೆ ಈ ಆಟದ ಮುಕ್ಕಾಲು ಭಾಗ ತಿಳಿದ ಹಾಗೆ.

ಕರಿಮದ್ದು ಹಳೆಯ ಸಾಮಗ್ರಿ. ಪೆಟ್ಲುಪ್ಪು, ಇದ್ದಿಲು, ಗಂಧಕ ಇವಿಷ್ಟೇ. ಸಾಮಾನ್ಯವಾಗಿ ನೂರಕ್ಕೆ 75, 15, 10ರ ಲೆಕ್ಕ. ಮಲೆನಾಡಿನ ಕೇಪಿನ ಕೋವಿ ಕಂಡವರಿಗೆ, ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಕೊಡಗಿನವರಿಗೆ ಕೋವಿ, ಮದ್ದು ಹೊಸ ಮಾತೇನಲ್ಲ. ಪೆಟ್ಲುಪ್ಪಿನ ಕಥೆಯಂತೂ ನಮ್ಮ ದೇಶದ್ದೇ. ಬಿಹಾರದ ಮಣ್ಣಿನಿಂದ ತೆಗೆದ ಪೆಟ್ಲುಪ್ಪು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಲೋಕದ ಯುದ್ಧಗಳಿಗೆಲ್ಲ ಹಂಚಿಕೆಯಾಗುತ್ತಿತ್ತು. ಅಮೆರಿಕದ ಅಂತರ್ಯುದ್ಧ ಶುರುವಾದ 1861ರಲ್ಲಿ ಮದ್ದು ತಯಾರಿಸುತ್ತಿದ್ದ ಡ್ಯುಪಾಂಟ್ ಕಂಪನಿಯ ಲ್ಯಾಮಟ್ ಡ್ಯುಪಾಂಟ್ ಇಂಗ್ಲೆಂಡಿಗೆ ಹೋಗಿ ಸಿಕ್ಕಷ್ಟು ಪೆಟ್ಲುಪ್ಪನ್ನು ಖರೀದಿಸಿದ್ದ. ಅದು ಭಾರತದಿಂದ ಬಂದ ಸರಕು.

ಈ ಮದ್ದಿನ ದೊಡ್ಡ ದೋಷವೆಂದರೆ ಅದು ಪೂರ್ತಿ ಉರಿದು ಅನಿಲವಾಗುವುದಿಲ್ಲ. ತೂಕದ ಅರ್ಧಕ್ಕೂ ಹೆಚ್ಚು ಭಾಗ ಘನ ಪದಾರ್ಥವಾಗಿಯೇ ಉಳಿಯುತ್ತದೆ. ಒಂದಿಷ್ಟು ಬಿಳಿ ಹೊಗೆಯಾಗಿ ಹೊರಗೆ ಹಾರುತ್ತದೆ, ಮಿಕ್ಕಿದ್ದು ನಳಿಗೆಯೊಳಗೆ ಕಿಟ್ಟವಾಗಿ ಅಂಟುತ್ತದೆ. ಮೊದಲ ಈಡಿಗೆ ಅದು ಮೆದು. ಎರಡು ಮೂರು ಈಡು ಹಾರಿ ನಳಿಗೆ ಬಿಸಿಯಾಯಿತೆಂದರೆ ಒಣಗಿ ಗಟ್ಟಿಯಾಗುತ್ತದೆ, ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ನಳಿಗೆಯ ಒಳಗಿನ ಸುರುಳಿ ಗೆರೆಗಳು ಗುಂಡನ್ನು ತಿರುಗಿಸಿ ಬಿಡಬೇಕು. ಅವುಗಳಲ್ಲಿ ಕಿಟ್ಟ ತುಂಬಿದರೆ ಸೀಸದ ಗುಂಡು ಗೀಚಿಸಿಕೊಂಡು ಸೊಟ್ಟಗೆ ಹೊರಡುತ್ತದೆ. ಹತ್ತಿರದ ಗುರಿಗೆ ಇದು ಗೊತ್ತಾಗುವುದಿಲ್ಲ. ಸಾವಿರ ಗಜದಲ್ಲಿ, ಎಂದರೆ 914 ಮೀಟರ್ ಆಚೆ, ಗುಂಡು ಹಲಗೆಗೇ ತಾಗದೆ ಹೋಗಬಹುದು.

ಹಾಗಾಗಿ ಕರಿಮದ್ದಿನ ದೂರದ ಪಂದ್ಯದಲ್ಲಿ ಚುರುಕು ಕಣ್ಣಿಗಿಂತ ಬೆಲೆ ಇರುವುದು ಏಕರೂಪತೆಗೆ. ನಲವತ್ತೈದನೇ ಈಡು ಮೊದಲನೆಯದರ ಹಾಗೆಯೇ ಇರಬೇಕು. ಮದ್ದಿನ ಸ್ವಭಾವವೋ ಅದಕ್ಕೆ ಪೂರಾ ವಿರುದ್ಧ.

ನಲವತ್ತೈದು ಎಂಬ ಸಂಖ್ಯೆ ಸುಮ್ಮನೆ ಬಂದದ್ದಲ್ಲ. 1874ರ ಸೆಪ್ಟೆಂಬರ್ 26ರಂದು ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಕ್ರೀಡ್‌ಮೂರ್ ಮೈದಾನದಲ್ಲಿ ನಡೆದ ಪಂದ್ಯದ ಲೆಕ್ಕ ಅದು. ಹಿಂದಿನ ವರ್ಷ ಇಂಗ್ಲೆಂಡಿನ ವಿಂಬಲ್ಡನ್ನಿನಲ್ಲಿ ಎಲ್ಕೋ ಶೀಲ್ಡ್ ಎಂಬ ರೈಫಲ್ ಪಂದ್ಯ ಗೆದ್ದಿದ್ದ ಐರಿಷ್ ತಂಡ, ಅಮೆರಿಕದವರಿಗೆ ಪತ್ರಿಕೆಯ ಮೂಲಕ ಬಹಿರಂಗ ಸವಾಲು ಹಾಕಿತು. ಕ್ರೀಡ್‌ಮೂರ್ ಮೈದಾನ ತೆರೆದು ಆಗಿನ್ನೂ ಒಂದು ವರ್ಷ. ಸಾವಿರ ಗಜದ ಪಂದ್ಯಕ್ಕೆ ತಕ್ಕ ಕೋವಿಯೇ ಅಮೆರಿಕದವರ ಕೈಯಲ್ಲಿರಲಿಲ್ಲ. ರೆಮಿಂಗ್ಟನ್ ಮತ್ತು ಶಾರ್ಪ್ಸ್ ಕಂಪನಿಗಳು ಈ ಪಂದ್ಯಕ್ಕಾಗಿಯೇ ಕೋವಿ ತಯಾರಿಸಿದವು. ತಂಡಕ್ಕೆ ಆರು ಜನ. 800, 900, 1000 ಗಜಗಳಲ್ಲಿ ಪ್ರತಿಯೊಬ್ಬರಿಗೂ ಹದಿನೈದು ಹದಿನೈದು ಈಡು. ಕೋವಿ ಹತ್ತು ಪೌಂಡ್ ಮೀರಬಾರದು, ಅದರ ಕುದುರೆ (ಟ್ರಿಗರ್) ಎಳೆಯಲು ಮೂರು ಪೌಂಡಿಗೆ ಕಡಿಮೆ ಒತ್ತಡ ಸಾಲಬಾರದು, ದುರ್ಬೀನು ಕೂಡದು, ಕೋವಿಗೆ ಆಸರೆ ಕೂಡದು. ಗುರಿ ಆರಡಿ ಎತ್ತರ, ಹನ್ನೆರಡು ಅಡಿ ಅಗಲದ ಕಬ್ಬಿಣದ ಹಲಗೆ. ನಡುವೆ ಮೂರಡಿ ಚೌಕದ ಬುಲ್ಸ್ ಐ. ಅದಕ್ಕೆ ನಾಲ್ಕು ಅಂಕ, ಸುತ್ತಲಿನ ಆರಡಿ ಚೌಕಕ್ಕೆ ಮೂರು, ಅಂಚಿಗೆ ಎರಡು.

ಅಮೆರಿಕ 934, ಐರ್ಲೆಂಡ್ 931. ಇಷ್ಟು ಕೂದಲೆಳೆಯ ಫಲಿತಾಂಶಕ್ಕೆ ಎರಡು ಘಟನೆಗಳು ಕಾರಣ ಎಂದು ಎಲ್ಲರೂ ಹೇಳುತ್ತಾರೆ. ಐರಿಷ್ ತಂಡದ ಮಿಲ್ನರ್ 900 ಗಜದಲ್ಲಿ ಸೊಗಸಾಗಿ ಬುಲ್ಸ್ ಐ ಹೊಡೆದ, ಆದರೆ ಪಕ್ಕದ ಹಲಗೆಗೆ. ಅಂಕ ಸೊನ್ನೆ. ಕೊನೆಗೆ ಐರಿಷರು ಮುಗಿಸಿದಾಗ ಅಮೆರಿಕದ ಅಂಕ 930, ಉಳಿದದ್ದು ಕರ್ನಲ್ ಜಾನ್ ಬೋಡೈನ್‌ನ ಒಂದೇ ಈಡು. ಅಷ್ಟರಲ್ಲಿ ಅವನ ಕೈಯಲ್ಲಿದ್ದ ಜಿಂಜರ್ ಬಿಯರ್ ಬಾಟಲಿ ಒಡೆದು ಅಂಗೈ ಸೀಳಿತು. ಕರವಸ್ತ್ರ ಸುತ್ತಿಕೊಂಡು ಮಲಗಿ ಸಾವಿರ ಗಜದಿಂದ ಹೊಡೆದ, ಬುಲ್ಸ್ ಐ. ಹಲಗೆಯ ಅಂಚಿಗೆ ತಾಗಿದ್ದರೂ ಗೆಲುವಾಗುತ್ತಿತ್ತು, ಪೂರ್ತಿ ತಪ್ಪಿದ್ದರೆ ಒಂದು ಅಂಕದ ಸೋಲು.

ಕಥೆ ಚೆನ್ನಾಗಿದೆ. ಆದರೆ ಅಂಕಪಟ್ಟಿ ಬಿಡಿಸಿ ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. 800 ಗಜದಲ್ಲಿ ಅಮೆರಿಕ 326, ಐರ್ಲೆಂಡ್ 317. 900ರಲ್ಲಿ ಅಮೆರಿಕ 310, ಐರ್ಲೆಂಡ್ 312. 1000ದಲ್ಲಿ ಅಮೆರಿಕ 298, ಐರ್ಲೆಂಡ್ 302. ದೂರ ಹೆಚ್ಚಿದಂತೆ ಐರಿಷರೇ ಮುಂದು! ಅವರ ಕೈಯಲ್ಲಿದ್ದದ್ದು ಡಬ್ಲಿನ್ನಿನ ಜಾನ್ ರಿಗ್ಬಿ ತಯಾರಿಸಿದ, ಬಾಯಿಂದ ಮದ್ದು ಜಡಿಯುವ ಹಳೇ ಮಾದರಿಯ ಕೋವಿ. ಅಮೆರಿಕದವರದ್ದು ಹಿಂಬದಿಯಿಂದ ತೋಟಾ ತುಂಬುವ ಹೊಸ ಮಾದರಿ. ಹೊಸ ಕೋವಿ ಗೆದ್ದಿತೆಂದು ಆಗ ಜಯಭೇರಿ ಬಾರಿಸಲಾಯಿತು. ನಿಜಕ್ಕೂ ಗೆದ್ದದ್ದು 800 ಗಜದ ಒಂಬತ್ತು ಅಂಕಗಳ ಮುನ್ನಡೆ. ಬಾಯಿಂದ ತುಂಬುವ ಕೋವಿಗೆ ಒಂದು ಸಹಜ ಅನುಕೂಲವಿದೆ. ಪ್ರತಿ ಸಲ ಹೊಸ ಗುಂಡನ್ನು ಕೋಲಿನಿಂದ ಕೆಳಗಿಳಿಸುವಾಗ ಅದು ಹಿಂದಿನ ಈಡಿನ ಕಿಟ್ಟವನ್ನು ತಳ್ಳಿಕೊಂಡೇ ಹೋಗುತ್ತದೆ. ತೋಟಾ ತುಂಬುವ ಕೋವಿಯಲ್ಲಿ ಆ ಕೆಲಸವನ್ನು ಶೂಟರ್ ಬೇರೆಯಾಗಿ ಮಾಡಬೇಕು. ಎಲ್ಲ ವ್ಯತ್ಯಾಸಕ್ಕೂ ಇದೊಂದೇ ಕಾರಣ ಎನ್ನಲಾಗದು, ಆದರೆ ಆಮೇಲಿನ ಪಂದ್ಯಗಳಲ್ಲಿ ಅಮೆರಿಕದವರು ನಳಿಗೆ ಒರೆಸುವುದನ್ನು ಶಿಸ್ತಾಗಿ ಪಾಲಿಸಿದರು ಎಂಬುದು ಮುಖ್ಯ.

ಸ್ವತಃ ರಿಗ್ಬಿ ಆ ದಿನ ತನ್ನ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು, 163 ಅಂಕ ಗಳಿಸಿದ. ಇತ್ತ ಅಮೆರಿಕದ ಹೆನ್ರಿ ಫುಲ್ಟನ್ 180ಕ್ಕೆ 171 ಗಳಿಸಿ ದಂಗುಬಡಿಸಿದ. ಅವನು ಹೊಡೆಯುತ್ತಿದ್ದದ್ದು ಅಂಗಾತ ಮಲಗಿ, ನಳಿಗೆಯನ್ನು ಕಾಲುಗಳ ಮೇಲೆ ಹಾಯಿಸಿ. ನೋಡುವವರಿಗೆ ಸರ್ಕಸ್ಸಿನಂತೆ ಕಂಡರೂ ಆಸರೆಯಿಲ್ಲದ ಪಂದ್ಯದಲ್ಲಿ ಅದು ಬಹಳ ಸ್ಥಿರವಾದ ಭಂಗಿ.

ಇಂದು ಈ ಆಟ ಆಡುವವರ ಕೆಲಸ ಶುರುವಾಗುವುದು ಮನೆಯ ಮೇಜಿನ ಮೇಲೆ. ಹೆಚ್ಚಿನವರ ಆಯ್ಕೆ .45-70 ತೋಟಾ. ಅದು 1873ರಲ್ಲಿ ಅಮೆರಿಕದ ಸೇನೆಗೆ ಬಂದದ್ದು. ಹೆಸರಿನಲ್ಲೇ ಅಳತೆಯಿದೆ, ನಳಿಗೆಯ ವ್ಯಾಸ ಇಂಚಿನ ನೂರರಲ್ಲಿ 45 ಭಾಗ, ಮದ್ದು 70 ಗ್ರೇನ್. ಒಂದು ಗ್ರೇನ್ ಎಂದರೆ ಗ್ರಾಮಿನ ಹದಿನೈದನೇ ಒಂದು ಭಾಗಕ್ಕೂ ಸ್ವಲ್ಪ ಕಡಿಮೆ. ಸಾವಿರ ಗಜಕ್ಕೆ ಹೊಡೆಯುವವರು 500 ಗ್ರೇನಿಗಿಂತ ಭಾರದ ಗುಂಡು ಬಳಸುತ್ತಾರೆ, 530 ಗ್ರೇನ್ ಸಾಮಾನ್ಯ. ಸುಮಾರು 34 ಗ್ರಾಂ ಸೀಸ!

ಆ ಗುಂಡನ್ನು ಅವರೇ ಎರೆಯುತ್ತಾರೆ. ಇಪ್ಪತ್ತು ಪಾಲು ಸೀಸಕ್ಕೆ ಒಂದು ಪಾಲು ತವರ ಎಂಬುದು ಹಳೆಯ ಹದ. ಹದಿನಾರಕ್ಕೆ ಒಂದು, ಮೂವತ್ತಕ್ಕೆ ಒಂದು ಎನ್ನುವವರೂ ಇದ್ದಾರೆ, ಅದರ ಬಗ್ಗೆ ಜಗಳ ಮುಗಿಯುವುದಿಲ್ಲ. ಗುಂಡು ಸ್ವಲ್ಪ ಮೆದುವಾಗಿರಬೇಕು, ಏಕೆಂದರೆ ಮದ್ದು ಹೊತ್ತಿದ ಏಟಿಗೆ ಅದರ ಬುಡ ಉಬ್ಬಿ ನಳಿಗೆಯ ಗೆರೆಗಳನ್ನು ತುಂಬಬೇಕು. ತೀರಾ ಮೆದುವಾದರೆ ಮೂತಿಯೇ ಕುಸಿಯುತ್ತದೆ. ಅಚ್ಚು ಕಾಯುವ ತನಕ ಬಂದ ಗುಂಡುಗಳೆಲ್ಲ ಮತ್ತೆ ಕರಗುವ ಪಾತ್ರೆಗೇ. ಆಮೇಲೆ ಒಂದೊಂದನ್ನೂ ತೂಗಿ, ಅರ್ಧ ಗ್ರೇನ್ ಆಚೀಚೆಯಾದವನ್ನು ಬೇರೆ ಇಡುತ್ತಾರೆ. ಒಳಗೊಂದು ಗಾಳಿಗುಳ್ಳೆ ಸೇರಿದ್ದರೆ ಗುಂಡು ದಾರಿಯಲ್ಲಿ ತೂರಾಡುತ್ತದೆ.

ಮದ್ದು ತುಂಬುವುದು ಇನ್ನೂ ನಿಧಾನದ ಕೆಲಸ. ತೂಗಿದ ಮದ್ದನ್ನು ಎರಡಡಿ ಉದ್ದದ ಸಪೂರ ಕೊಳವೆಯ ಮೂಲಕ ತೋಟಾದೊಳಗೆ ಸುರಿಯುತ್ತಾರೆ. ಎತ್ತರದಿಂದ ಬಿದ್ದ ಕಾಳುಗಳು ಒಂದರ ಪಕ್ಕ ಒಂದು ಒತ್ತಾಗಿ ಕೂರುತ್ತವೆ, ನೇರವಾಗಿ ಸುರಿದರೆ ಉಕ್ಕುತ್ತಿದ್ದ ಮದ್ದು ಕಂಠದ ಕೆಳಗೇ ನಿಲ್ಲುತ್ತದೆ. ಅದರ ಮೇಲೊಂದು ರಟ್ಟಿನ ಬಿಲ್ಲೆ. ನಂತರ ಅಚ್ಚಿನಿಂದ ಒಂದಿಷ್ಟು ಅದುಮುತ್ತಾರೆ. ಎಷ್ಟು ಅದುಮಬೇಕು ಎಂಬುದೇ ಪ್ರತಿ ಕೋವಿಯ ಗುಟ್ಟು, ಒಂದು ಕಂಪನಿಯ ಮದ್ದಿಗೆ ಸರಿಯಾದ ಒತ್ತು ಇನ್ನೊಂದಕ್ಕೆ ಹೊಂದದು. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಮಾತ್ರ ಬಿಡಲೇಬಾರದು. ನಳಿಗೆಯೇ ಉಬ್ಬಿ ಹಾಳಾಗುವ ಅಪಾಯವಿದೆ. ಹಳೆಯ ಕೋವಿಗೆ ಇಂದಿನ ಹೊಗೆರಹಿತ ಮದ್ದನ್ನು ಅದೇ ಅಳತೆಯಲ್ಲಿ ತುಂಬುವುದಂತೂ ಪ್ರಾಣಕ್ಕೇ ಸಂಚಕಾರ.

ಗುಂಡಿಗೆ ಜಿಡ್ಡು ಬೇಕು. ಅದರ ಮೈಮೇಲಿನ ತೋಡುಗಳಲ್ಲಿ ಜೇನುಮೇಣ, ಕೊಬ್ಬು, ಎಣ್ಣೆ ಕಲಸಿದ ಮುಲಾಮು ತುಂಬುತ್ತಾರೆ, ಕಿಟ್ಟ ಮೆದುವಾಗಿರಲೆಂದು. ಇನ್ನು ಕೆಲವರು 1874ರ ಹಾಗೆಯೇ ಕಾಗದ ಸುತ್ತುತ್ತಾರೆ. ಇದು ನೋಡಲೇಬೇಕಾದ ಕೈಚಳಕ. ಹತ್ತಿಯ ತೆಳು ಕಾಗದವನ್ನು ಓರೆಯಾಗಿ ಕತ್ತರಿಸಿ, ಒದ್ದೆ ಮಾಡಿ, ನುಣುಪು ಗುಂಡಿಗೆ ಸರಿಯಾಗಿ ಎರಡು ಸುತ್ತು ಸುತ್ತಬೇಕು. ಎರಡು ತುದಿಗಳು ಒಂದನ್ನೊಂದು ತಾಗಬೇಕು, ಆದರೆ ಮೇಲೇರಬಾರದು; ಎಳೆಯಷ್ಟು ಮೇಲೇರಿದರೂ ಅಲ್ಲಿ ದಪ್ಪವಾಗಿ ಗುಂಡು ಒಂದು ಕಡೆಗೆ ವಾಲುತ್ತದೆ. ಬಾಲವನ್ನು ತಿರುಚಿ ಬುಡಕ್ಕೆ ಮಡಚಿ ಒಣಗಲು ಬಿಟ್ಟರೆ ಕಾಗದ ಕುಗ್ಗಿ ಮೈಗೆ ಅಂಟಿಕೊಳ್ಳುತ್ತದೆ. ಹೊಡೆದಾಗ ನಳಿಗೆಯ ಗೆರೆಗಳು ಕಾಗದವನ್ನು ಸೀಳುತ್ತವೆ, ಬಾಯಿ ದಾಟುತ್ತಲೇ ಅದು ಚೂರುಚೂರಾಗಿ ಉದುರುತ್ತದೆ. ಅನುಭವಿಗಳು ಈಡು ಮುಗಿದ ಮೇಲೆ ಮುಂದೆ ಹೋಗಿ ಆ ಚೂರುಗಳನ್ನು ಹೆಕ್ಕಿ ನೋಡುತ್ತಾರೆ. ಸಣ್ಣದಾಗಿ ಅಚ್ಚುಕಟ್ಟಾಗಿ ಸೀಳಿದ್ದರೆ ನೆಮ್ಮದಿ. ಅರೆಸುಟ್ಟ ದೊಡ್ಡ ತುಂಡು ಸಿಕ್ಕಿತೋ, ಮತ್ತೆ ಮೇಜಿಗೆ ಹಿಂತಿರುಗಬೇಕು.

ತಯಾರಾದ ತೋಟಾವನ್ನು ಮೊದಲು 200 ಗಜದಲ್ಲಿ ಪರೀಕ್ಷಿಸುತ್ತಾರೆ. ಮೂರು ಈಡು ಒಂದೇ ಕಡೆ ಬಿದ್ದವೆಂದು ಹಿಗ್ಗುವವರು ಈ ಆಟದಲ್ಲಿ ಬೇಗ ಪಾಠ ಕಲಿಯುತ್ತಾರೆ. ಕರಿಮದ್ದಿನಲ್ಲಿ ಮೊದಲ ಮೂರು ಈಡು ಯಾರಿಗೂ ಒಳ್ಳೆಯದೇ ಬರುತ್ತದೆ. ಎಂಟು, ಒಂಬತ್ತು, ಹತ್ತನೆಯವು ಎಲ್ಲಿ ಹೋದವೆಂಬುದೇ ಪ್ರಶ್ನೆ. ಹತ್ತು ಈಡಿನ ಗುಂಪು ಅಡ್ಡಡ್ಡ ಹರಡಿದರೆ ದೂರು ಗಾಳಿಯ ಮೇಲೆ. ಉದ್ದುದ್ದ ಹರಡಿದರೆ ತೋಟಾದ ಮೇಲೆ, ಇಲ್ಲವೇ ಕಿಟ್ಟದ ಮೇಲೆ. ಈ ಗುಂಡು ಸೆಕೆಂಡಿಗೆ ಸುಮಾರು 1,280 ಅಡಿ ವೇಗದಲ್ಲಿ ಹೊರಡುತ್ತದೆ. ಒಂದು ತೋಟಾಕ್ಕೂ ಮತ್ತೊಂದಕ್ಕೂ ಇದರಲ್ಲಿ 20 ಅಡಿ ವ್ಯತ್ಯಾಸವಾದರೆ ಸಾವಿರ ಗಜದಲ್ಲಿ ಗುಂಡು ಎರಡು ಮೂರು ಅಡಿ ಮೇಲೆ ಕೆಳಗೆ ಆಗುತ್ತದೆ. ವೇಗ ಅಳೆಯುವ ಯಂತ್ರ ಈಗ ಎಲ್ಲರ ಬಳಿಯೂ ಇದೆ. ಕ್ರೀಡ್‌ಮೂರಿನವರು ಹಲಗೆಯನ್ನೇ ನೋಡಿ ಊಹಿಸುತ್ತಿದ್ದರು.

ಇನ್ನು ಗಾಳಿ. ಸಾವಿರ ಗಜ ಮುಟ್ಟಲು ಈ ಗುಂಡಿಗೆ ಮೂರು ಸೆಕೆಂಡಿಗೂ ಹೆಚ್ಚು ಹೊತ್ತು ಬೇಕು. ಹೊಡೆದವನು ಉಸಿರು ಬಿಟ್ಟು, ಹೊಗೆ ಸರಿಯುವುದನ್ನು ಕಾದು, ಕಣ್ಣು ಹಾಯಿಸಿದರೂ ಗುಂಡು ಇನ್ನೂ ದಾರಿಯಲ್ಲೇ ಇರುತ್ತದೆ. ಸುಮಾರು ಇನ್ನೂರು ಗಜಕ್ಕೇ ಅದರ ವೇಗ ಶಬ್ದದ ವೇಗಕ್ಕಿಂತ ಕೆಳಗಿಳಿದಿರುತ್ತದೆ. ಅಡ್ಡಗಾಳಿ ಗಂಟೆಗೆ ಹತ್ತು ಮೈಲಿಯಿದ್ದರೆ ಗುಂಡು ಹನ್ನೆರಡು ಅಡಿಯಷ್ಟು ಪಕ್ಕಕ್ಕೆ ಸರಿಯುತ್ತದೆ. ಅಂದರೆ ಒಂದೇ ಒಂದು ಮೈಲಿ ಲೆಕ್ಕ ತಪ್ಪಿದರೆ ಹದಿನಾಲ್ಕು ಇಂಚಿಗೂ ಹೆಚ್ಚು. ಮೂರಡಿ ಬುಲ್ಸ್ ಐಯ ನಟ್ಟನಡುವೆ ಹಿಡಿದವನನ್ನೂ ಅಂಚಿನ ಹತ್ತಿರಕ್ಕೆ ದೂಡಲು ಅಷ್ಟು ಸಾಕು. ಕೆನ್ನೆಗೆ ತಾಗಿಯೂ ತಾಗದ ಹಾಗಿರುವ ಗಾಳಿಯ ಮಾತು ಇದು. ಸಾಲದ್ದಕ್ಕೆ ಗುಂಡು ಕಮಾನಿನಂತೆ ಏರಿ ನಡುದಾರಿಯಲ್ಲಿ ಹನ್ನೆರಡು ಮೀಟರ್ ಎತ್ತರದಲ್ಲಿ ಹಾರುತ್ತಿರುತ್ತದೆ. ಮೈದಾನದ ಬಾವುಟಗಳು ಹೇಳುವುದು ತಮ್ಮ ಎತ್ತರದ ಗಾಳಿಯ ಸುದ್ದಿ ಮಾತ್ರ.

ಅದಕ್ಕೇ ಹಲವು ಪಂದ್ಯಗಳಲ್ಲಿ ಇಬ್ಬರು ಜೊತೆಯಾಗಿ ಆಡುತ್ತಾರೆ. ಒಬ್ಬ ಕೋವಿ ಹಿಡಿಯುತ್ತಾನೆ, ಇನ್ನೊಬ್ಬ ದುರ್ಬೀನಿಗೆ ಕಣ್ಣಿಡುತ್ತಾನೆ. ದುರ್ಬೀನನ್ನು ಗುರಿಯ ಮೇಲಲ್ಲ, ಅದಕ್ಕಿಂತ ಸ್ವಲ್ಪ ಈಚೆಗೆ ನೆಟ್ಟು ಬಿಸಿಲಿನ ಝಳದ ಅಲೆಗಳು ಯಾವ ಕಡೆಗೆ, ಎಷ್ಟು ಬೇಗ ಹರಿಯುತ್ತಿವೆ ಎಂದು ಓದುತ್ತಾನೆ. ಅಲೆ ನೇರ ಮೇಲಕ್ಕೆ ಕುದಿಯುವಂತೆ ಕಂಡರೆ ಗಾಳಿ ದಿಕ್ಕು ಬದಲಿಸುವ ಹೊತ್ತು, ತಡೆಯುವುದೇ ಒಳ್ಳೆಯದು. ಅವನು ಹೇಳಿದ ಲೆಕ್ಕಕ್ಕೆ ಶೂಟರ್ ಹಿಂಗುರಿಯನ್ನು ತಿರುಗಿಸುತ್ತಾನೆ. ಈ ಹಿಂಗುರಿ ಬೆರಳುದ್ದದ ಹಿತ್ತಾಳೆ ಅಥವಾ ಉಕ್ಕಿನ ಪಟ್ಟಿ, ಅದರಲ್ಲೊಂದು ಸೂಜಿರಂಧ್ರ, ಪಕ್ಕದಲ್ಲಿ ವರ್ನಿಯರ್ ಅಳತೆ. ಅದನ್ನು ಇಂಚಿನ ನೂರರಲ್ಲಿ ಒಂದು ಭಾಗ ಎತ್ತಿದರೆ ಸಾವಿರ ಗಜದಲ್ಲಿ ಗುಂಡು ಹತ್ತು ಇಂಚು ಮೇಲೇರುತ್ತದೆ. ಮುಂಗುರಿಯಲ್ಲಿ ಪುಟ್ಟ ರಸಮಟ್ಟ ಇರುತ್ತದೆ, ಕೋವಿ ತುಸು ವಾಲಿದರೂ ಗುಳ್ಳೆ ಸರಿದು ಎಚ್ಚರಿಸಲೆಂದು.

ಅಭ್ಯಾಸ ಎಂದರೆ ಬರಿಯ ಗುಂಡು ಖರ್ಚು ಮಾಡುವುದಲ್ಲ. ಖಾಲಿ ಕೋವಿಯಲ್ಲಿ ಕುದುರೆ ಎಳೆದು ಗುರಿ ಅಲುಗದಂತೆ ನೋಡಿಕೊಳ್ಳುವುದೂ ಅಭ್ಯಾಸ. ಪ್ರತಿ ದೂರಕ್ಕೆ ಹಿಂಗುರಿ ಎಲ್ಲಿತ್ತು, ಬಿಸಿಲೆಷ್ಟು, ಎಷ್ಟು ಸಲ ಊದಬೇಕಾಯಿತು ಎಂದು ಪುಸ್ತಕದಲ್ಲಿ ಬರೆದಿಡುವುದೂ ಅಭ್ಯಾಸ. ಊದುವುದೋ, ಒದ್ದೆ ಬಟ್ಟೆಯಿಂದ ಒರೆಸುವುದೋ ಎಂಬ ಚರ್ಚೆ ಬೇರೆ ಇದೆ. ಒರೆಸಿದರೆ ನಳಿಗೆ ಪ್ರತಿ ಸಲ ಒಂದೇ ಸ್ಥಿತಿಗೆ ಬರುತ್ತದೆ, ಆದರೆ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಓದಿದ ಗಾಳಿ ಬದಲಾಗಿರುತ್ತದೆ. ಊದಿದರೆ ಬೇಗ, ಆದರೆ ಸುಡುಬಿಸಿಲಿನಲ್ಲಿ ನಂಬುವ ಹಾಗಿಲ್ಲ. ದೂರದ ಪಂದ್ಯಕ್ಕೆ ಒರೆಸುವುದೇ ಮೇಲು ಎಂದು ಅಂಕಪಟ್ಟಿಗಳು ಹೇಳುವಂತಿದೆ. ಕಾಗದದ ಗುಂಡಿನವರಿಗಂತೂ ಬೇರೆ ದಾರಿಯಿಲ್ಲ.

ಕ್ರೀಡ್‌ಮೂರ್ ಮೈದಾನ ಈಗಿಲ್ಲ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಆ ಹೆಸರಿನ ಮನೋರೋಗ ಆಸ್ಪತ್ರೆಯಿದೆ. ಹೆಸರು ಮಾತ್ರ ಗಟ್ಟಿ, ಇಂದು ಜನಪ್ರಿಯವಾಗಿರುವ 6.5 ಕ್ರೀಡ್‌ಮೂರ್ ಎಂಬ ಹೊಸ ತೋಟಾಕ್ಕೂ ಅದೇ ಹೆಸರು. ರಿಗ್ಬಿ 1887ರಲ್ಲಿ ಇಂಗ್ಲೆಂಡಿನ ಎನ್‌ಫೀಲ್ಡ್ ಸರ್ಕಾರಿ ಕೋವಿ ಕಾರ್ಖಾನೆಯ ಮುಖ್ಯಸ್ಥನಾದ. ಮರುವರ್ಷ ಬ್ರಿಟಿಷ್ ಸೇನೆಗೆ ಬಂದ .303 ರೈಫಲ್ ಶುರುವಿನಲ್ಲಿ ಕರಿಮದ್ದನ್ನೇ ತಿನ್ನುತ್ತಿತ್ತು. ಆಮೇಲೆ ಕಾರ್ಡೈಟ್ ಎಂಬ ಹೊಗೆರಹಿತ ಮದ್ದು ಬಂದು ಸೇನೆಯಲ್ಲಿ ಕರಿಮದ್ದಿನ ಕಾಲ ಮುಗಿಯಿತು. ಆಟದಲ್ಲಿ ಅದು ಮತ್ತೆ ತಲೆ ಎತ್ತಿದ್ದು ಬಹಳ ತಡವಾಗಿ. ರಾಟನ್ನಿನಲ್ಲಿ 1985ರಿಂದ ಉಕ್ಕಿನ ಕೋಳಿ, ಹಂದಿ, ಟರ್ಕಿ, ಟಗರುಗಳನ್ನು 200ರಿಂದ 500 ಮೀಟರ್ ದೂರದಲ್ಲಿ ನಿಲ್ಲಿಸಿ ಬೀಳಿಸುವ ಪಂದ್ಯ ನಡೆಯುತ್ತಿದೆ. ಟಾಮ್ ಸೆಲೆಕ್ ನಟಿಸಿದ 1990ರ ‘ಕ್ವಿಗ್ಲಿ ಡೌನ್ ಅಂಡರ್’ ಚಿತ್ರ ಶಾರ್ಪ್ಸ್ ಕೋವಿಯ ಹುಚ್ಚು ಹಿಡಿಸಿತು; ಆ ಹೆಸರಿನಲ್ಲೇ ಮೊಂಟಾನಾದ ಫೋರ್ಸಿತ್‌ನಲ್ಲಿ ಪ್ರತಿ ಜೂನ್‌ನಲ್ಲಿ ಜಾತ್ರೆಯಂಥ ಪಂದ್ಯ ಸೇರುತ್ತದೆ. ಇಂಗ್ಲೆಂಡಿನ ಬಿಸ್ಲಿ ಮೈದಾನದಲ್ಲಿ ಬಾಯಿಂದ ತುಂಬುವ ಕೋವಿಯವರು ಈಗಲೂ ಸಾವಿರ ಗಜಕ್ಕೆ ಹೊಡೆಯುತ್ತಾರೆ.

ಪಂದ್ಯ ಎರಡು ಮೂರು ದಿನದ್ದಾದರೆ ಸಂಜೆಗೆ ಇನ್ನೊಂದು ಕೆಲಸ ಕಾದಿರುತ್ತದೆ. ಕರಿಮದ್ದಿನ ಕಿಟ್ಟ ಗಾಳಿಯ ತೇವ ಹೀರಿ ರಾತ್ರಿ ಕಳೆಯುವುದರೊಳಗೆ ಉಕ್ಕಿಗೆ ತುಕ್ಕು, ಹಿತ್ತಾಳೆಗೆ ಹಸಿರು ಕಲೆ ತರಿಸುತ್ತದೆ. ಇದಕ್ಕೆ ದುಬಾರಿ ದ್ರಾವಣಗಳಿಗಿಂತ ನೀರು, ಸಾಬೂನು ಚೆನ್ನಾಗಿ ಕೆಲಸ ಮಾಡುತ್ತವೆ. ಹಾಗಾಗಿ ಮೈದಾನದಲ್ಲೇ ಖಾಲಿ ತೋಟಾಗಳನ್ನು ಸಾಬೂನು ನೀರಿನ ಡಬ್ಬಿಗೆ ಹಾಕಿ ಕುಲುಕುತ್ತಾ ಬಿಡಾರಕ್ಕೆ ಹೊರಡುತ್ತಾರೆ. ಅಲ್ಲಿ ಒಂದೊಂದನ್ನೂ ಉಜ್ಜಿ, ಒಣಗಿಸಿ, ಹೊಸ ಕೇಪು ಕೂರಿಸಿ, ಕೊಳವೆಯಿಂದ ಮದ್ದು ಸುರಿದು, ಬಿಲ್ಲೆಯಿಟ್ಟು ಅದುಮಿ, ಗುಂಡು ಸಿಕ್ಕಿಸಿದರೆ ಮರುದಿನದ 800 ಗಜಕ್ಕೆ ತಯಾರು.